ಬೆಕ್ಕು-ನಾಯಿಗಳಿಗೆ ಹಿತ್ತಲ ಬಾಗಿಲಲ್ಲಿ ಕಿಂಡಿಬಾಗಿಲು: ರಾಯಚೂರು ಸೀಮೆಯ ಮನೆಗಳಿಗೆ ಒಗ್ಗುವ ಕ್ರಮ

ಸಾಕಿದ ಬೆಕ್ಕು ಅಥವಾ ನಾಯಿ ಯಾರನ್ನೂ ಎಬ್ಬಿಸದೆ ತಾನಾಗಿಯೇ ಒಳಗೂ ಹೊರಗೂ ಓಡಾಡಲೆಂದು ಬಾಗಿಲಿನ ಕೆಳಭಾಗದಲ್ಲಿ ಕೂಡಿಸುವ ಚಿಕ್ಕ ಕಿಂಡಿಬಾಗಿಲು ಈಗ ಆನ್‌ಲೈನ್‌ನಲ್ಲಿ ಸುಲಭವಾಗಿ ಸಿಗುತ್ತದೆ. ಪೆಟ್ಟಿಗೆಯೊಳಗೆ ಅದನ್ನು ಕೂಡಿಸುವ ಸೂಚನೆಯ ಹಾಳೆಯೂ ಇರುತ್ತದೆ. ಆದರೆ ಆ ಹಾಳೆ ಸಾಮಾನ್ಯವಾಗಿ ಚಳಿದೇಶದ ಮನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಒಂದೇ ಕದದ ಬಾಗಿಲು, ಮಟ್ಟಸವಾದ ನೆಲ, ಹೊರಗಿನ ಚಳಿ ಒಳಗೆ ಬಾರದಿರಲಿ ಎಂಬ ಚಿಂತೆ, ಇಷ್ಟೇ ಅದರಲ್ಲಿ ಕಾಣುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಬಿಸಿಲು 40 ಡಿಗ್ರಿ ದಾಟುವ, ಮಧ್ಯಾಹ್ನ ಝಳಕ್ಕೆ ಬಾಗಿಲು ಹಾಕಿಕೊಂಡು ಕೂಲರ್ ಹಚ್ಚುವ, ಮಳೆ ಬಿದ್ದರೆ ಹಿತ್ತಲಿನಲ್ಲಿ ಹಾವು ಚೇಳುಗಳ ಭಯವಿರುವ ನಮ್ಮ ಸೀಮೆಯ ಮನೆಗೆ ಆ ಹಾಳೆಯೊಂದೇ ಸಾಲದು. ಬಾಗಿಲು ಕೊಯ್ಯುವುದು ಬಲ್ಲವರ ಕೈಯಲ್ಲಿ ಒಂದೆರಡು ಗಂಟೆಯ ಕೆಲಸ. ಯಾವ ಬಾಗಿಲನ್ನು ಕೊಯ್ಯಬೇಕು, ಯಾವ ಹೊತ್ತಿನಲ್ಲಿ ಕಿಂಡಿಯನ್ನು ಮುಚ್ಚಿಡಬೇಕು ಎಂಬ ನಿರ್ಧಾರವೇ ಇಲ್ಲಿ ದೊಡ್ಡದು. ಆದ್ದರಿಂದ ಗರಗಸ ಕೈಗೆತ್ತಿಕೊಳ್ಳುವ ಮೊದಲು ಅದರ ವಿಚಾರ ಮುಗಿಯಬೇಕು.

ಯಾವ ಬಾಗಿಲು

ತಲಬಾಗಿಲನ್ನು ಬಿಟ್ಟುಬಿಡಿ. ದಿನವೂ ಅರಿಶಿನ ಕುಂಕುಮ ಹಚ್ಚಿ ಪೂಜಿಸುವ ಹೊಸ್ತಿಲಿನ ಮೇಲಿನ ಬಾಗಿಲಿಗೆ ತೂತು ಹೊಡೆಯಲು ಮನೆಯ ಹಿರಿಯರು ಒಪ್ಪುವುದಿಲ್ಲ. ಒಪ್ಪಿದರೂ ಬೀದಿಯ ಕಡೆಗೆ ತೆರೆದ ಕಿಂಡಿಗೆ ಬೀದಿನಾಯಿಗಳೂ ಬರುತ್ತವೆ, ಕಳ್ಳರ ಕಣ್ಣೂ ಬೀಳುತ್ತದೆ. ಅಡುಗೆಮನೆಯ ಹಿಂದಿನ ಹಿತ್ತಲ ಬಾಗಿಲೇ ಇದಕ್ಕೆ ತಕ್ಕದ್ದು. ಹಿತ್ತಲಿಗೆ ಕಾಂಪೌಂಡ್ ಗೋಡೆಯಿದ್ದರೆ ನಾಯಿಗೂ ಅದು ಸುರಕ್ಷಿತ. ಕಾಂಪೌಂಡ್ ಇಲ್ಲದ ಹಿತ್ತಲಿಗೆ ನಾಯಿಯನ್ನು ತನ್ನಿಚ್ಛೆಯಂತೆ ಬಿಡುವ ಕಿಂಡಿಯನ್ನು ಮಾಡಲೇಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಬೆಕ್ಕಿನ ಮಾತು ಬೇರೆ. ಅದು ಗೋಡೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಹಿತ್ತಲ ಕಡೆಗೆ ಹೆಚ್ಚಿನ ಮನೆಗಳಲ್ಲಿ ಎರಡು ಬಾಗಿಲುಗಳಿರುತ್ತವೆ: ಕಟ್ಟಿಗೆಯ ಅಥವಾ ತಗಡಿನ ಗಟ್ಟಿ ಬಾಗಿಲೊಂದು, ಸೊಳ್ಳೆ ತಡೆಯುವ ಜಾಲರಿ ಬಾಗಿಲೊಂದು. ಬೇಸಿಗೆಯಲ್ಲಿ ಇವೆರಡೂ ಯಾವ ಹೊತ್ತಿನಲ್ಲಿ ತೆರೆದಿರುತ್ತವೆ, ಯಾವ ಹೊತ್ತಿನಲ್ಲಿ ಮುಚ್ಚಿರುತ್ತವೆ ಎಂಬುದನ್ನು ಒಂದು ದಿನ ಗಮನಿಸಿ ನೋಡಿ. ಬೆಳಗಿನ ತಂಪಿನಲ್ಲಿ ಗಟ್ಟಿ ಬಾಗಿಲು ತೆರೆದಿದ್ದು ಜಾಲರಿ ಮಾತ್ರ ಮುಚ್ಚಿರುತ್ತದೆ. ಹನ್ನೊಂದರ ಹೊತ್ತಿಗೆ ಝಳ ಏರಿದ ಮೇಲೆ ಗಟ್ಟಿ ಬಾಗಿಲನ್ನೂ ಹಾಕುತ್ತೇವೆ. ಸಂಜೆ ಐದರ ನಂತರ ಮತ್ತೆ ಗಾಳಿಗೆಂದು ತೆರೆಯುತ್ತೇವೆ, ಮಲಗುವಾಗ ಮುಚ್ಚುತ್ತೇವೆ. ಈಗ ಪ್ರಾಣಿಯ ದಿನಚರಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಒಂದು ಅನುಕೂಲ ಎದ್ದು ಕಾಣುತ್ತದೆ. ಮಧ್ಯಾಹ್ನ ಅಂಗಳದ ಫರಸಿ ಕಲ್ಲು, ಸಿಮೆಂಟಿನ ನೆಲ ಕಾದು ಪ್ರಾಣಿಯ ಅಂಗಾಲು ಸುಡುವಷ್ಟಾಗಿರುತ್ತದೆ; ಆಗ ಅದು ಒಳಗೇ ಇರಬೇಕು. ರಾತ್ರಿ ಮಲಗಿದ ಮೇಲೆ ಹೊರಗಿನ ಅಪಾಯ ಹೆಚ್ಚು. ಆಗಲೂ ಒಳಗಿರುವುದೇ ಮೇಲು. ಅಂದರೆ ಪ್ರಾಣಿ ಓಡಾಡಬೇಕಾದ ಹೊತ್ತಿನಲ್ಲಿ ಮುಚ್ಚಿರುವುದು ಜಾಲರಿ ಬಾಗಿಲು ಮಾತ್ರ. ಆದ್ದರಿಂದ ಮನೆಯಲ್ಲಿ ಹಗಲು ಯಾರಾದರೊಬ್ಬರು ಇರುವ ಕುಟುಂಬಗಳಿಗೆ, ಅದರಲ್ಲೂ ಬೆಕ್ಕು ಸಾಕಿದವರಿಗೆ, ಜಾಲರಿ ಬಾಗಿಲಿನ ಕಿಂಡಿಯೇ ಸಾಕು. ಗಟ್ಟಿ ಬಾಗಿಲೇ ಅದರ ಬೀಗವಾಗುತ್ತದೆ. ಖರ್ಚು ಕಡಿಮೆ, ಒಳ್ಳೆಯ ಕಟ್ಟಿಗೆ ಹಾಳಾಗುವುದಿಲ್ಲ, ಬಾಡಿಗೆ ಮನೆಯಾದರೆ ಮಾಲೀಕರನ್ನು ಒಪ್ಪಿಸುವುದೂ ಸುಲಭ, ಬಿಟ್ಟುಹೋಗುವಾಗ ಜಾಲರಿ ಬದಲಿಸಿಕೊಟ್ಟರಾಯಿತು. ಬೆಕ್ಕಿನ ಉಗುರಿಗೆ ಸಿಕ್ಕು ಜಾಲರಿ ಮೂಲೆಯಲ್ಲಿ ಹರಿದು ಸೊಳ್ಳೆಗಳಿಗೆ ದಾರಿಯಾಗುವ ತೊಂದರೆಯೂ ಇದರಿಂದ ನಿಲ್ಲುತ್ತದೆ.

ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ, ಹಗಲೆಲ್ಲ ಬಾಗಿಲು ಹಾಕಿಕೊಂಡಿರುವ ಮನೆಗಳಲ್ಲಿ ಮಾತ್ರ ಗಟ್ಟಿ ಬಾಗಿಲಿಗೆ ಕಿಂಡಿ ಬೇಕಾಗುತ್ತದೆ. ಅಲ್ಲಿ ಒಳಗಿನಿಂದ ಹೊರಕ್ಕೆ, ಹೊರಗಿನಿಂದ ಒಳಕ್ಕೆ ಹೋಗುವುದನ್ನು ಬೇರೆಬೇರೆಯಾಗಿ ತಡೆಯಬಲ್ಲ ನಾಲ್ಕು ನಿಲುವಿನ ಚಿಲಕವಿರುವ ಕಿಂಡಿಯನ್ನೇ ಕೊಳ್ಳಬೇಕು. ಎರಡೂ ಕಡೆ ತೆರೆದದ್ದು, ಒಳಬರಲು ಮಾತ್ರ, ಹೊರಹೋಗಲು ಮಾತ್ರ, ಪೂರ್ತಿ ಬಂದ್ ಎಂಬ ಆ ನಾಲ್ಕರಲ್ಲಿ ಬೇಸಿಗೆಯ ದಿನ ಮನೆಬಿಟ್ಟು ಹೊರಡುವಾಗ ಇಡಬೇಕಾದದ್ದು ಒಳಬರಲು ಮಾತ್ರ ಎಂಬ ನಿಲುವು. ಹೊರಗಿದ್ದ ಪ್ರಾಣಿ ಒಳಗೆ ಬರಬಲ್ಲದು, ಬಂದ ಮೇಲೆ ಬಿಸಿಲಿಗೆ ಹೋಗಿ ಸಿಕ್ಕಿಬೀಳುವುದಿಲ್ಲ.

ಬಿಸಿಲು ಮತ್ತು ಗಾಳಿ

ಹಿತ್ತಲ ಬಾಗಿಲು ಪಶ್ಚಿಮಕ್ಕಿದ್ದರೆ ಮಧ್ಯಾಹ್ನದಿಂದ ಸಂಜೆಯವರೆಗೆ ನೇರ ಬಿಸಿಲು ಅದರ ಕೆಳಭಾಗಕ್ಕೇ ಬೀಳುತ್ತದೆ. ಕಿಂಡಿಯಲ್ಲಿ ತೂಗಾಡುವ ಮೆತ್ತನೆಯ ಪ್ಲಾಸ್ಟಿಕ್ ಮುಚ್ಚಳಗಳು ಅಂಥ ಬಿಸಿಲಿನಲ್ಲಿ ಮೊದಲು ಸೊಟ್ಟಗಾಗಿ, ಕಾಲ ಕಳೆದಂತೆ ಬಿರುಸಾಗಿ ಸೀಳುತ್ತವೆ. ಸೊಟ್ಟಗಾದ ಮುಚ್ಚಳ ಚೌಕಟ್ಟಿಗೆ ಸರಿಯಾಗಿ ಕೂಡುವುದಿಲ್ಲ. ಕೂಡದಿದ್ದರೆ ಧೂಳು, ಝಳ, ಹುಳುಹುಪ್ಪಡಿ ಎಲ್ಲಕ್ಕೂ ದಾರಿ. ಪೂರ್ವ ಅಥವಾ ಉತ್ತರದ ಬಾಗಿಲು ಇದ್ದರೆ ಅದನ್ನು ಆರಿಸಿಕೊಳ್ಳಿ. ಇಲ್ಲದಿದ್ದರೆ ಕಿಂಡಿಯ ಮೇಲೆ ನೆರಳು ಬೀಳುವಂತೆ ತಗಡಿನ ಚಿಕ್ಕ ಮರೆಯನ್ನಾದರೂ ಇಳಿಜಾರಾಗಿ ಹೊಡೆಸಿ. ಆ ಮರೆ ಮಳೆಯ ಎರಚಲನ್ನೂ ತಡೆಯುತ್ತದೆ. ಬಿಸಿಲು ಬೀಳುವಲ್ಲಿ ಮುಚ್ಚಳಕ್ಕೆ ಪಾಲಿಕಾರ್ಬೊನೇಟ್ ಹಾಳೆಯೇ ಒಳ್ಳೆಯದು. ಅದು ಪೆಟ್ಟು ಬಿದ್ದರೂ ಸುಲಭಕ್ಕೆ ಒಡೆಯುವುದಿಲ್ಲ, ಆಕಾರವನ್ನೂ ಬೇಗ ಬಿಡುವುದಿಲ್ಲ. ಅಕ್ರಿಲಿಕ್ ನೋಡಲು ಹಾಗೆಯೇ ಇದ್ದರೂ ನಾಯಿ ರಭಸದಿಂದ ನುಗ್ಗಿದರೆ ಸೀಳುವ ಸಂಭವವಿದೆ.

ಏರ್ ಕೂಲರ್ ಇರುವ ಮನೆಯವರು ಇನ್ನೊಂದು ಸಂಗತಿಯನ್ನು ತಿಳಿದಿರಬೇಕು. ಕೂಲರ್ ಹೊರಗಿನ ಗಾಳಿಯನ್ನು ಎಳೆದು ಕೋಣೆಯೊಳಗೆ ದೂಡುತ್ತದೆ, ಆ ಗಾಳಿ ಹೊರಗೆ ಹೋಗಲು ದಾರಿ ಹುಡುಕುತ್ತದೆ. ಕಿಟಕಿಗಳೆಲ್ಲ ಮುಚ್ಚಿದ್ದು ಕಿಂಡಿಯ ಮುಚ್ಚಳವೊಂದೇ ಹಗುರಾಗಿದ್ದರೆ ಗಾಳಿ ಅಲ್ಲಿಂದಲೇ ಹೊರಬೀಳುತ್ತದೆ. ಮುಚ್ಚಳದ ಕೆಳಅಂಚು ಒಂದೆರಡು ಇಂಚು ಹೊರಕ್ಕೆ ಚಾಚಿಕೊಂಡು, ಕೂಲರ್ ನಡೆಯುವಷ್ಟು ಹೊತ್ತೂ ಪಟಪಟ ಬಡಿಯುತ್ತಿರುತ್ತದೆ. ಆ ಸಪ್ಪಳಕ್ಕೆ ಹೆದರಿದ ಬೆಕ್ಕು ಕಿಂಡಿಯ ಹತ್ತಿರವೂ ಸುಳಿಯುವುದಿಲ್ಲ. ಕೆಳಅಂಚಿನಲ್ಲಿ ಅಯಸ್ಕಾಂತವಿರುವ ಮುಚ್ಚಳವನ್ನು ತರುವುದು ಇದಕ್ಕೆ ಒಂದು ಪರಿಹಾರ. ಎದುರು ದಿಕ್ಕಿನ ಕಿಟಕಿಯನ್ನು ಒಂದು ಗೇಣು ತೆರೆದಿಡುವುದು ಇನ್ನೊಂದು. ಎರಡನೆಯದನ್ನು ಹೇಗೂ ಮಾಡಲೇಬೇಕು, ಏಕೆಂದರೆ ಗಾಳಿ ಹೊರಹೋಗದ ಕೋಣೆಯಲ್ಲಿ ಕೂಲರ್ ತಂಪಿನ ಬದಲು ಸೆಕೆಯನ್ನೇ ಹೆಚ್ಚಿಸುತ್ತದೆ.

ಅಳತೆ

ಪ್ರಾಣಿಯ ತೂಕ ನೋಡಿ ಕಿಂಡಿ ಕೊಳ್ಳುವ ರೂಢಿಯಿದೆ; ಅದನ್ನು ನಂಬಬೇಡಿ. ಮುಧೋಳ ನಾಯಿಯ ಮೈ ಸಪೂರವಾದರೂ ಎತ್ತರ ಹೆಚ್ಚು, ಎದೆ ಆಳವಾಗಿರುತ್ತದೆ; ಅದರಷ್ಟೇ ತೂಗುವ ಬೇರೆ ತಳಿಯ ನಾಯಿ ಗಿಡ್ಡಾಗಿದ್ದು ಅಗಲವಾಗಿರಬಹುದು. ಟೇಪು ಹಿಡಿದು ಅಳೆಯುವುದೇ ಸರಿ. ಅಗಲಕ್ಕೆ ಭುಜ, ಪಕ್ಕೆ, ಸೊಂಟ ಇವುಗಳಲ್ಲಿ ಎಲ್ಲಿ ಹೆಚ್ಚು ಅಗಲವೋ ಅಲ್ಲಿ ಅಳೆದು ಅದಕ್ಕೆ ಎರಡು ಇಂಚು ಸೇರಿಸಬೇಕು. ನಿಂತು ಅಳೆಸಿಕೊಳ್ಳದ ನಾಯಿಯಾದರೆ ಕೋಣೆಯ ಬಾಗಿಲನ್ನು ಸ್ವಲ್ಪವೇ ತೆರೆದು ಆಚೆಯಿಂದ ಕರೆಯಿರಿ. ಮೈ ಉಜ್ಜಿಕೊಳ್ಳದೆ ದಾಟುವವರೆಗೆ ಬಾಗಿಲನ್ನು ಸ್ವಲ್ಪಸ್ವಲ್ಪವೇ ಸರಿಸುತ್ತ ಹೋಗಿ, ಆಗಿನ ಸಂದನ್ನು ಅಳೆಯಿರಿ. ಕಿಂಡಿಯ ಮೇಲಂಚು ಪ್ರಾಣಿಯ ಹೆಗಲಿಗಿಂತ ಒಂದೆರಡು ಇಂಚು ಮೇಲಿರಬೇಕು, ಕೆಳಅಂಚು ಅದರ ಎದೆಯ ಕೆಳಗಿನ ಮಟ್ಟಕ್ಕಿಂತ ಮೇಲಿರಬಾರದು. ಸಾಮಾನ್ಯ ಮನೆಬೆಕ್ಕಿಗೆ ಆರರಿಂದ ಏಳು ಇಂಚು ಅಗಲ, ಅಷ್ಟೇ ಎತ್ತರದ ಕಿಂಡಿ ಸಾಕಾಗುತ್ತದೆ. ಮರಿಯಿದ್ದಾಗಲೇ ಕೂಡಿಸುವವರು ಬೆಳೆದ ಮೇಲಿನ ಗಾತ್ರವನ್ನು ಲೆಕ್ಕಕ್ಕಿಡಬೇಕು. ಮುದಿಯಾದ, ಕಾಲುನೋವಿರುವ ನಾಯಿಗೆ ಕೆಳಅಂಚು ಆದಷ್ಟೂ ತಗ್ಗಿನಲ್ಲಿರಬೇಕು.

ಇಲ್ಲಿ ಪೆಟ್ಟಿಗೆಯ ಹಾಳೆ ಹೇಳದ ಒಂದು ಲೆಕ್ಕವಿದೆ. ನಮ್ಮ ಮನೆಗಳ ಹಿತ್ತಲು ಒಳಗಿನ ನೆಲಕ್ಕಿಂತ ಒಂದೋ ಎರಡೋ ಮೆಟ್ಟಿಲು ತಗ್ಗಿನಲ್ಲಿರುತ್ತದೆ, ಬಾಗಿಲಿಗೆ ಹೊಸ್ತಿಲೂ ಇರುತ್ತದೆ. ಒಳಗಿನ ನೆಲದಿಂದ ಐದು ಇಂಚು ಎತ್ತರದಲ್ಲಿ ಕೊಯ್ದ ಕಿಂಡಿ, ಹಿತ್ತಲು ಏಳು ಇಂಚು ತಗ್ಗಿನಲ್ಲಿದ್ದರೆ, ಹೊರಗೆ ನಿಂತ ಪ್ರಾಣಿಗೆ ಒಂದಡಿ ಎತ್ತರವಾಗುತ್ತದೆ. ಬೆಕ್ಕು ಜಿಗಿದು ಬರಬಹುದು; ನಾಯಿಗೆ ಪ್ರತಿಸಲ ಹೊಟ್ಟೆ ಕೆರೆಯುತ್ತದೆ. ಆದ್ದರಿಂದ ಎರಡೂ ಕಡೆಯ ನೆಲದಿಂದ ಅಳೆದು ನೋಡಬೇಕು. ಹೊರಗಡೆ ಎತ್ತರ ಹೆಚ್ಚಾದರೆ ಬಾಗಿಲ ಬುಡದಲ್ಲಿ ಫರಸಿ ಕಲ್ಲಿನ ತುಂಡೊಂದನ್ನು ಅಲುಗಾಡದಂತೆ ಗಾರೆ ಹಾಕಿ ಕೂಡಿಸಿ, ಪ್ರಾಣಿ ನಾಲ್ಕೂ ಕಾಲೂರಿ ನಿಲ್ಲುವಷ್ಟು ಅಗಲ ಅದಕ್ಕಿರಲಿ. ಬಾಗಿಲು ಹೊರಕ್ಕೆ ತೆರೆಯುವಂಥದ್ದಾದರೆ ಆ ಕಲ್ಲು ಅದಕ್ಕೆ ತಾಗದಂತಿರಬೇಕು ಎಂಬುದನ್ನು ಮೊದಲೇ ಬಾಗಿಲು ಆಡಿಸಿ ನೋಡಿಕೊಳ್ಳಿ.

ಅಳತೆಯೆಲ್ಲ ಮುಗಿದ ಮೇಲೆ ದಪ್ಪ ರಟ್ಟಿನ ಹಾಳೆಯಲ್ಲಿ ಅದೇ ಗಾತ್ರದ ಕಿಂಡಿ ಕತ್ತರಿಸಿ, ತೆರೆದ ಬಾಗಿಲಿಗೆ ಅಡ್ಡಲಾಗಿ ನಿಲ್ಲಿಸಿ, ಪ್ರಾಣಿಯನ್ನು ಅದರೊಳಗಿಂದ ಕರೆದು ನೋಡಿ. ರಟ್ಟು ತಪ್ಪಾದರೆ ಬೇರೆ ರಟ್ಟು ಸಿಗುತ್ತದೆ, ತೇಗದ ಬಾಗಿಲು ಹಾಗೆ ಸಿಗುವುದಿಲ್ಲ.

ಕೊಯ್ಯುವ ಜಾಗವನ್ನು ಗುರುತಿಸುವಾಗ ಕೆಳಗಿನ ಚಿಲಕವನ್ನು ಮರೆಯಬಾರದು. ಹಿತ್ತಲ ಬಾಗಿಲುಗಳಿಗೆ ಮೇಲೊಂದು ಕೆಳಗೊಂದು ಟವರ್ ಬೋಲ್ಟ್ ಇರುವುದು ಸಾಮಾನ್ಯ. ಕಿಂಡಿಯೊಳಗೆ ಕೈ ತೂರಿಸಿದವನಿಗೆ ಕೆಳಗಿನ ಬೋಲ್ಟ್ ನೇರವಾಗಿ ಕೈಗೆ ಸಿಗುತ್ತದೆ. ಅದನ್ನು ತೆಗೆಸಿ, ಕಿಂಡಿಯಿಂದ ತೋಳು ಚಾಚಿದರೂ ಎಟುಕದಷ್ಟು, ಅಂದರೆ ಮೂರಡಿಗಿಂತ ಹೆಚ್ಚು ದೂರದಲ್ಲಿ ಮೇಲಿನ ಬೋಲ್ಟ್ ಹಾಗೂ ಅಡ್ಡಪಟ್ಟಿಯನ್ನು ಇಟ್ಟುಕೊಳ್ಳಿ. ದೊಡ್ಡ ನಾಯಿ ನುಸುಳುವ ಕಿಂಡಿಯಲ್ಲಿ ಸಪೂರದ ಮನುಷ್ಯನೂ ನುಸುಳಬಲ್ಲ. ಅಂಬೆಗಾಲಿಡುವ ಮನೆಯ ಕೂಸೂ ಹೊರಗೆ ಹೋಗಬಲ್ಲದು. ಅಂಥ ಗಾತ್ರದ ಕಿಂಡಿಗೆ ಒಳಗಿನಿಂದ ಹಾಕುವ ಗಟ್ಟಿ ಹಲಗೆ ಇರಲೇಬೇಕು.

ಕೊಯ್ದು ಕೂಡಿಸುವುದು

ಜಾಲರಿ ಬಾಗಿಲಿನ ಕೆಲಸ ಸಣ್ಣದು. ಜಾಲರಿಗೆಂದೇ ಮಾಡಿದ ಹಗುರ ಕಿಂಡಿಗಳಲ್ಲಿ ಎರಡು ಚೌಕಟ್ಟುಗಳಿರುತ್ತವೆ. ಜಾಲರಿಯನ್ನು ನಡುವೆ ಹಿಡಿದು ಎರಡನ್ನೂ ಸ್ಕ್ರೂಗಳಿಂದ ಬಿಗಿದು, ಆಮೇಲೆ ಒಳಗಿನ ಜಾಲರಿಯನ್ನು ಕತ್ತರಿಸಿ ತೆಗೆಯಬೇಕು. ಮೊದಲು ಕತ್ತರಿಸಿದರೆ ಜಾಲರಿ ಸಡಿಲಾಗಿ ಸುಕ್ಕುಗಟ್ಟುತ್ತದೆ. ಕಿಂಡಿಯ ಭಾರವನ್ನು ಜಾಲರಿಯೊಂದೇ ಹೊರದಂತೆ ಅದರ ಕನಿಷ್ಠ ಎರಡು ಬದಿಗಳು ಬಾಗಿಲಿನ ಕಟ್ಟಿಗೆ ಅಥವಾ ಅಲ್ಯುಮಿನಿಯಂ ಪಟ್ಟಿಗೆ ತಾಗಿರಲಿ. ಕೆಳಮೂಲೆಯೇ ಇದಕ್ಕೆ ಸರಿಯಾದ ಜಾಗ.

ಗಟ್ಟಿ ಬಾಗಿಲನ್ನು ನಿಂತಲ್ಲಿಯೇ ಕೊಯ್ಯಬೇಡಿ. ಬಿಜಾಗರಿಯ ಸ್ಕ್ರೂ ಬಿಚ್ಚಿ, ಬಾಗಿಲನ್ನು ಇಳಿಸಿ, ಎರಡು ಬೆಂಚುಗಳ ಮೇಲೆ ಮಲಗಿಸಿ. ಮೊದಲು ಅದು ಯಾವ ಬಗೆಯ ಬಾಗಿಲು ಎಂದು ನೋಡಬೇಕು. ಹಲಗೆ ಮತ್ತು ಪಟ್ಟಿಗಳನ್ನು ಜೋಡಿಸಿ ಮಾಡಿದ ಪ್ಯಾನೆಲ್ ಬಾಗಿಲಾದರೆ ಕೊಯ್ತ ಕೆಳಗಿನ ಹಲಗೆಯೊಳಗೇ ಇರಬೇಕು. ಉದ್ದಪಟ್ಟಿ, ಅಡ್ಡಪಟ್ಟಿಗಳು ಬಾಗಿಲಿನ ಎಲುಬು, ಅವನ್ನು ಮುಟ್ಟಿದರೆ ಬಾಗಿಲು ಜೋತುಬೀಳುತ್ತದೆ. ಹಲಗೆ ಪಟ್ಟಿಗಿಂತ ತೆಳ್ಳಗಿರುವುದರಿಂದ ಕಿಂಡಿಯ ಚೌಕಟ್ಟು ಸಮನಾಗಿ ಕೂಡುವಂತೆ ಸುತ್ತಲೂ ತೆಳು ಕಟ್ಟಿಗೆಯ ಪಟ್ಟಿ ಕೊಡಬೇಕಾಗಬಹುದು. ಹಳೆಯ ಮನೆಗಳ ಜೋಡಿ ಕದದ ಬಾಗಿಲಿನಲ್ಲಿ ಒಂದೊಂದು ಕದವೂ ಕಿರಿದು. ಅಲ್ಲಿ ಬೆಕ್ಕಿನ ಕಿಂಡಿ ಹಿಡಿಸುತ್ತದೆ, ದೊಡ್ಡ ನಾಯಿಯದು ಹಿಡಿಸುವುದಿಲ್ಲ. ಎರಡೂ ಮುಖಕ್ಕೆ ಹಾಳೆ ಅಂಟಿಸಿದ ನುಣುಪಾದ ಫ್ಲಶ್ ಡೋರ್ ಆದರೆ ಬೆರಳ ಗೆಣ್ಣಿನಿಂದ ಅಲ್ಲಲ್ಲಿ ಬಡಿದು ನೋಡಿ. ತುಂಬಿದ ಸಪ್ಪಳ ಬಂದರೆ ಒಳಗೆ ಕಟ್ಟಿಗೆಯಿದೆ. ಟೊಳ್ಳು ಸಪ್ಪಳ ಬಂದರೆ ಕೊಯ್ದ ಮೇಲೆ ಎರಡು ಹಾಳೆಗಳ ನಡುವೆ ಖಾಲಿ ಕಾಣುತ್ತದೆ. ಆ ಸಂದಿನ ದಪ್ಪಕ್ಕೆ ಸರಿಯಾದ ಕಟ್ಟಿಗೆಯ ಪಟ್ಟಿಗಳನ್ನು ಫೆವಿಕಾಲ್ ಹಚ್ಚಿ ನಾಲ್ಕೂ ಅಂಚುಗಳಿಗೆ ತೂರಿಸಿ, ಕ್ಲಾಂಪ್ ಬಿಗಿದು ಒಂದು ರಾತ್ರಿ ಒಣಗಲು ಬಿಡಬೇಕು. ಪಟ್ಟಿಯಿಲ್ಲದೆ ಬೋಲ್ಟ್ ಬಿಗಿದರೆ ಹಾಳೆಗಳು ಒಳಕ್ಕೆ ಕುಸಿಯುತ್ತವೆ.

ಗುರುತು ಹಾಕುವಾಗ ಬಾಗಿಲಿನ ಅಗಲದ ನಡುಗೆರೆಯನ್ನು ಎಳೆದು, ಅದರ ಮೇಲೆ ಕಿಂಡಿಯ ಜೊತೆ ಬಂದ ಮಾದರಿ ಹಾಳೆಯನ್ನು ಅಂಟಿಸಿ, ಮೂಲೆಮಟ್ಟದಿಂದ ನೇರವಿದೆಯೇ ಎಂದು ನೋಡಿ. ಬಾಗಿಲಿನ ಕೆಳತುದಿಯಿಂದ ಕನಿಷ್ಠ ಮೂರು ನಾಲ್ಕು ಇಂಚು ಉಳಿಯಬೇಕು. ಗೆರೆಯ ಮೇಲೆ ಅಂಟುಪಟ್ಟಿ ಹಚ್ಚಿದರೆ ಸಿಬಿರು ಏಳುವುದು ಕಡಿಮೆಯಾಗುತ್ತದೆ. ನಾಲ್ಕು ಮೂಲೆಗಳಲ್ಲಿ, ಗೆರೆಯ ಒಳಮಗ್ಗುಲಿಗೆ, ಜಿಗ್‌ಸಾ ಎಂಬ ವಿದ್ಯುತ್ ಗರಗಸದ ಅಲಗು ಇಳಿಯುವಂತೆ ಹತ್ತರಿಂದ ಹನ್ನೆರಡು ಮಿಲಿಮೀಟರಿನ ತೂತು ಕೊರೆದು, ಒಂದು ತೂತಿನಿಂದ ಇನ್ನೊಂದಕ್ಕೆ ನಿಧಾನವಾಗಿ ಕೊಯ್ಯಬೇಕು. ಜಿಗ್‌ಸಾದ ಸಾಮಾನ್ಯ ಅಲಗು ಮೇಲಕ್ಕೆ ಬರುವಾಗ ಕೊಯ್ಯುತ್ತದೆ, ಆದ್ದರಿಂದ ಸಿಬಿರು ಏಳುವುದು ಮೇಲ್ಮುಖದಲ್ಲಿ. ಮನೆಯೊಳಗಿನಿಂದ ಕಾಣುವ ಚೆಂದದ ಮುಖವನ್ನು ಕೆಳಗೆ ಮಾಡಿ ಮಲಗಿಸಿರಿ. ಕೊನೆಯ ಬದಿ ಕೊಯ್ಯುವಾಗ ನಡುವಿನ ತುಂಡು ತನ್ನ ಭಾರಕ್ಕೆ ಮುರಿದು ಬೀಳದಂತೆ ಒಬ್ಬರು ಕೆಳಗಿನಿಂದ ಹಿಡಿದಿರಬೇಕು. ಬೇವು, ಹೊನ್ನೆಯಂಥ ಗಟ್ಟಿ ಕಟ್ಟಿಗೆಯ ಹಳೆಯ ಬಾಗಿಲಿದ್ದರೆ ಅದನ್ನು ಮನೆಯ ಜಿಗ್‌ಸಾಕ್ಕೆ ಒಡ್ಡದೆ ಬಡಿಗರನ್ನು ಕರೆಸುವುದೇ ಮೇಲು.

ಕೊಯ್ದ ಅಂಚನ್ನು ಬೆತ್ತಲೆ ಬಿಡಬಾರದು. ಬೇಸಿಗೆಯಲ್ಲಿ ಒಣಗಿ ಮಳೆಗಾಲದಲ್ಲಿ ಉಬ್ಬುವ ಕಟ್ಟಿಗೆ ಅಲ್ಲಿಂದಲೇ ನೀರು ಹೀರುತ್ತದೆ, ಗೆದ್ದಲೂ ಅಲ್ಲಿಂದಲೇ ಹಿಡಿಯುತ್ತದೆ. ಸ್ಯಾಂಡ್‌ಪೇಪರಿನಿಂದ ಉಜ್ಜಿ, ಗೆದ್ದಲಿನ ಎಣ್ಣೆ ಸವರಿ, ಒಣಗಿದ ಮೇಲೆ ಪ್ರೈಮರ್ ಮತ್ತು ಬಣ್ಣವನ್ನು ಎರಡು ಕೈ ಕೊಡಿ. ಆಮೇಲೆ ಹೊರಗಿನ ಚೌಕಟ್ಟಿನ ಹಿಂಬದಿಗೆ ಸಿಲಿಕೋನ್ ಎಳೆದು, ಒಳಗಿನ ಚೌಕಟ್ಟನ್ನು ಎದುರಿಗೆ ಹಿಡಿದು, ಬೋಲ್ಟುಗಳನ್ನು ಒಂದಾದ ಮೇಲೊಂದು ಪೂರ್ತಿ ಬಿಗಿಯುವ ಬದಲು, ಎದುರುಬದುರು ಮೂಲೆಗಳಲ್ಲಿ ಸ್ವಲ್ಪಸ್ವಲ್ಪವೇ ಬಿಗಿಯುತ್ತ ಬನ್ನಿ. ಪ್ಲಾಸ್ಟಿಕ್ ಚೌಕಟ್ಟು ಅತಿಬಿಗಿತಕ್ಕೆ ಬಾಗುತ್ತದೆ, ಬಾಗಿದರೆ ಮುಚ್ಚಳ ಒಂದು ಬದಿಗೆ ಉಜ್ಜುತ್ತದೆ. ಮುಚ್ಚಳದ ಎರಡೂ ಬದಿಗೆ ಎರಡು ಮೂರು ಮಿಲಿಮೀಟರ್ ಸಂದಿದ್ದು, ಕೈಬಿಟ್ಟರೆ ಅದು ತೂಗಾಡಿ ತಾನಾಗಿಯೇ ನಡುವಿಗೆ ಬಂದು ನಿಲ್ಲಬೇಕು. ಬಾಗಿಲನ್ನು ಮತ್ತೆ ಬಿಜಾಗರಿಗೆ ಏರಿಸಿದ ಮೇಲೆ ರಸಮಟ್ಟವನ್ನು ಕಿಂಡಿಯ ಮೇಲಿಟ್ಟು ಇನ್ನೊಮ್ಮೆ ನೋಡಿ. ಎರೆಮಣ್ಣಿನ ಮೇಲೆ ಕಟ್ಟಿದ ಮನೆಗಳಲ್ಲಿ ಬಾಗಿಲುವಾಡವೇ ಸ್ವಲ್ಪ ವಾಲಿರುವುದುಂಟು. ಅಂಥಲ್ಲಿ ಬಾಗಿಲಿನ ಅಂಚಿಗೆ ಹೊಂದಿಸಿ ಕೂಡಿಸಿದ ಮುಚ್ಚಳ ಓರೆಯಾಗಿ ತೂಗುತ್ತದೆ. ಆದ್ದರಿಂದ ಅಂಥ ಮನೆಯಲ್ಲಿ ಬಾಗಿಲು ಇಳಿಸುವ ಮೊದಲೇ ರಸಮಟ್ಟ ಹಿಡಿದು ಅಡ್ಡಗೆರೆಯೊಂದನ್ನು ಎಳೆದಿಟ್ಟುಕೊಳ್ಳಬೇಕು.

ತಗಡಿನ ಬಾಗಿಲಾದರೆ ವೆಲ್ಡಿಂಗ್ ಅಂಗಡಿಗೆ ಒಯ್ಯಿರಿ. ಗ್ರೈಂಡರಿನಿಂದ ಕೊಯ್ದ ಅಂಚು ಕತ್ತಿಯ ಹಾಗೆ ಹರಿತವಾಗಿರುತ್ತದೆ, ಅರದಿಂದ ಉಜ್ಜಿದರೂ ಸಾಲದು. ಸುತ್ತಲೂ ಚಿಕ್ಕ ಆಂಗಲ್ ಪಟ್ಟಿ ಬೆಸೆಸಿ, ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ ಹೊಡೆಸಿ, ಆಮೇಲೆ ಕಿಂಡಿ ಕೂಡಿಸಿ. ಬಿಸಿಲಿಗೆ ಕಾದ ತಗಡು ಪ್ರಾಣಿಯ ಮೈಗೆ ತಾಗದಂತೆ ಕಿಂಡಿಯ ಪ್ಲಾಸ್ಟಿಕ್ ಚೌಕಟ್ಟು ಆ ಅಂಚನ್ನು ಪೂರ್ತಿ ಮುಚ್ಚಬೇಕು.

ಕೊಂಡ ಕಿಂಡಿಯೇ ಆಗಬೇಕೆಂದಿಲ್ಲ. ಬೋರ್ಡ್ ಬರೆಯುವ ಅಂಗಡಿಗಳಲ್ಲಿ ಮೂರ್ನಾಲ್ಕು ಮಿಲಿಮೀಟರ್ ದಪ್ಪದ ಪಾಲಿಕಾರ್ಬೊನೇಟ್ ತುಂಡು ಕೇಳಿ ತಂದು, ಮೇಲಂಚಿಗೆ ಚಿಕ್ಕ ಬಿಜಾಗರಿ ಹಾಕಿ, ಕೆಳಅಂಚಿಗೆ ಅಯಸ್ಕಾಂತದ ಪಟ್ಟಿ ಅಂಟಿಸಿ, ಅದಕ್ಕೆದುರಾಗಿ ಚೌಕಟ್ಟಿನಲ್ಲಿ ಕಬ್ಬಿಣದ ಪಟ್ಟಿ ಕೊಟ್ಟರೆ ಬಡಿಗರು ಮಾಡಿದ ಕಿಂಡಿ ಚೆನ್ನಾಗಿಯೇ ನಡೆಯುತ್ತದೆ. ಬಿಜಾಗರಿ ಎರಡೂ ಕಡೆಗೆ ಆಡುವಂಥದ್ದಾಗಿರಬೇಕು. ಎ.ಸಿ. ಅಂಗಡಿಗಳ ಬಾಗಿಲಿಗೆ ತೂಗುಹಾಕುವ ಪಾರದರ್ಶಕ ಪ್ಲಾಸ್ಟಿಕ್ ಪಟ್ಟಿಗಳನ್ನು ಒಂದರ ಮೇಲೊಂದು ಒಂದಿಂಚು ಬರುವಂತೆ ತೂಗುಹಾಕುವುದು ಇನ್ನೂ ಅಗ್ಗ, ಆದರೆ ಅದು ಯಾವುದನ್ನೂ ತಡೆಯುವುದಿಲ್ಲ. ಹಗಲಿಗೆ ಮಾತ್ರ ಸರಿ.

ಗೋಡೆಗೆ ಕಿಂಡಿ ಮಾಡಬೇಕೆನ್ನುವವರಿಗೆ ಹೆಚ್ಚು ಹೇಳುವುದಿಲ್ಲ. ಮಣ್ಣಿನಲ್ಲಿ ಕಟ್ಟಿದ ಹಳೆಯ ಕಲ್ಲುಗೋಡೆಯನ್ನು ಮುಟ್ಟಲೇಬಾರದು. ಒಂದು ಕಲ್ಲು ಸಡಿಲಾದರೆ ಅದರ ಮೇಲಿನವೂ ಬರುತ್ತವೆ. ಇಟ್ಟಿಗೆಯ ಗೋಡೆಯಾದರೂ ಕಂಬ, ತೊಲೆ, ವಿದ್ಯುತ್ ಪೈಪು, ನೀರಿನ ಪೈಪು ಅಲ್ಲಿಲ್ಲವೆಂದು ಖಚಿತಪಡಿಸಿಕೊಂಡು, ಗೌಂಡಿಯಿಂದಲೇ ಮಾಡಿಸಬೇಕು. ಕಿಂಡಿಯ ಮೇಲೆ ಎರಡೂ ಬದಿಗೆ ಕನಿಷ್ಠ ನಾಲ್ಕು ಇಂಚು ಕೂಡುವಂತೆ ಫರಸಿ ಕಲ್ಲು ಕೊಡಿಸಿ, ಒಳಗಿನ ತಳವನ್ನು ಹೊರಕ್ಕೆ ಇಳಿಜಾರು ಮಾಡಿಸಿ.

ಹಾವು, ಹೆಗ್ಗಣ, ಬೀದಿಬೆಕ್ಕು

ಬೆಕ್ಕು ದೂಡಿ ತೆರೆಯಬಲ್ಲ ಮುಚ್ಚಳವನ್ನು ಹೆಗ್ಗಣವೂ ದೂಡಿ ತೆರೆಯಬಲ್ಲದು. ಇಲಿ ಹೆಗ್ಗಣಗಳಿರುವಲ್ಲಿಗೆ ಹಾವು ಬರುತ್ತದೆ. ಸಿಂಧನೂರು, ಗಂಗಾವತಿ, ಸಿರುಗುಪ್ಪದ ಕಡೆ ಭತ್ತದ ಗದ್ದೆಗಳ ಅಂಚಿನಲ್ಲಿ ಮನೆಯಿರುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಅದರಲ್ಲಿಯೂ ಕಟ್ಟುಹಾವು ರಾತ್ರಿ ಸಂಚರಿಸುವಂಥದ್ದು, ಮನೆಯೊಳಗೂ ಬರುತ್ತದೆ, ನೆಲದ ಮೇಲೆ ಮಲಗಿದವರಿಗೆ ಅದರ ಕಡಿತ ತಿಳಿಯದೆಯೂ ಹೋಗಬಹುದು. ಆದ್ದರಿಂದ ರಾತ್ರಿ ಕಿಂಡಿಯನ್ನು ಮುಚ್ಚುವುದು ನಮ್ಮ ಸೀಮೆಯಲ್ಲಿ ಇಷ್ಟವಿದ್ದರೆ ಮಾಡುವ ಕೆಲಸವಲ್ಲ. ಮುಚ್ಚುವುದೆಂದರೆ ಪ್ಲಾಸ್ಟಿಕ್ ಚಿಲಕ ತಿರುಗಿಸುವುದಷ್ಟೇ ಅಲ್ಲ. ಕಿಂಡಿಯ ಎರಡೂ ಬದಿಗೆ ಅಲ್ಯುಮಿನಿಯಂ ಚಾನೆಲ್ ಹೊಡೆಸಿ, ಮೇಲಿನಿಂದ ಇಳಿಸುವ ಪ್ಲೈವುಡ್ ಹಲಗೆಯೊಂದನ್ನು ಮಾಡಿಸಿ. ಹಲಗೆ ಇಳಿದಾಗ ಸುತ್ತಲೂ ಬೆರಳು ತೂರುವಷ್ಟೂ ಸಂದು ಉಳಿಯಬಾರದು. ಬಾಗಿಲಿನ ತಳಕ್ಕೂ ಹೊಸ್ತಿಲಿಗೂ ನಡುವೆ ಸಂದಿದ್ದರೆ ರಬ್ಬರ್ ಪಟ್ಟಿ ಹೊಡೆಯಿರಿ. ಕಿಂಡಿಯನ್ನು ಭದ್ರವಾಗಿ ಮುಚ್ಚಿ ಅದರ ಕೆಳಗೆ ಅರ್ಧ ಇಂಚು ಸಂದು ಬಿಡುವ ಮನೆಗಳು ಬಹಳ.

ಊಟದ ಬಟ್ಟಲನ್ನು ಕಿಂಡಿಯ ಹತ್ತಿರ ಇಡಬೇಡಿ. ಹಾಲು, ಅನ್ನ, ಮೀನಿನ ವಾಸನೆ ಕಿಂಡಿಯ ಆಚೆಗೆ ಹೋದರೆ ಬೀದಿಬೆಕ್ಕು ಮೊದಲು ಬರುತ್ತದೆ, ಅದರ ಹಿಂದೆ ಇರುವೆ ಇಲಿಗಳು ಬರುತ್ತವೆ. ಬೀದಿಬೆಕ್ಕುಗಳ ಕಾಟ ಹೆಚ್ಚಿದ್ದರೆ ಕೊರಳಪಟ್ಟಿಯ ಅಯಸ್ಕಾಂತಕ್ಕೆ ಮಾತ್ರ ತೆರೆಯುವ ಅಥವಾ ಚರ್ಮದಡಿಯ ಮೈಕ್ರೋಚಿಪ್ ಓದಿ ತೆರೆಯುವ ಕಿಂಡಿಗಳಿವೆ. ಎರಡನೆಯದು ದುಬಾರಿ, ಪಶುವೈದ್ಯರಿಂದ ಚಿಪ್ ಹಾಕಿಸಿರಬೇಕು. ಅವು ಸಾಮಾನ್ಯವಾಗಿ ಬ್ಯಾಟರಿಯಿಂದ ನಡೆಯುವುದರಿಂದ ಕರೆಂಟ್ ಹೋದರೂ ತೊಂದರೆಯಿಲ್ಲ, ಬ್ಯಾಟರಿ ಮುಗಿಯುವುದನ್ನು ಮಾತ್ರ ಗಮನಿಸುತ್ತಿರಬೇಕು. ಅಯಸ್ಕಾಂತದ ಕೊರಳಪಟ್ಟಿ ಅಗ್ಗ, ಆದರೆ ಅದಕ್ಕೆ ಕಬ್ಬಿಣದ ಚೂರು, ಗುಂಡುಸೂಜಿ ಅಂಟಿಕೊಂಡು ಬರುತ್ತವೆ. ಪಕ್ಕದಲ್ಲಿ ವೆಲ್ಡಿಂಗ್ ಕೆಲಸ ನಡೆಯುವ ಓಣಿಯಾದರೆ ದಿನವೂ ಒರೆಸಬೇಕಾಗುತ್ತದೆ. ಬೆಕ್ಕಿನ ಕೊರಳಪಟ್ಟಿ ಎಲ್ಲಾದರೂ ಸಿಕ್ಕಿಕೊಂಡರೆ ತಾನೇ ಬಿಚ್ಚಿಕೊಳ್ಳುವಂಥದ್ದಾಗಿರಲಿ.

ಹೊರಗೆ ಓಡಾಡುವ ಪ್ರಾಣಿ ಬೀದಿನಾಯಿಗಳ ಸಂಪರ್ಕಕ್ಕೆ ಬರುತ್ತದೆ. ಮೂರು ತಿಂಗಳು ತುಂಬಿದ ಮೇಲೆ ಹಾಕಿಸಿದ ರೇಬೀಸ್ ಲಸಿಕೆಯನ್ನು ವರ್ಷವರ್ಷವೂ ಮುಂದುವರಿಸುತ್ತಿದ್ದೀರಿ ಎಂದಾದ ಮೇಲೆಯೇ ಕಿಂಡಿ ತೆರೆಯಿರಿ.

ರೂಢಿ ಮಾಡಿಸುವುದು

ಕಿಂಡಿ ಕೂಡಿಸಿದ ದಿನವೇ ಪ್ರಾಣಿಯನ್ನು ಹಿಡಿದು ಅದರೊಳಗೆ ದೂಡುವವರಿದ್ದಾರೆ. ಒಮ್ಮೆ ಹೆದರಿದರೆ ಅದು ಬಹಳ ದಿನ ಹತ್ತಿರ ಬರುವುದಿಲ್ಲ. ಮೊದಲ ಕೆಲವು ದಿನ ಮುಚ್ಚಳವನ್ನು ಪೂರ್ತಿ ಮೇಲೆತ್ತಿ ಅಂಟುಪಟ್ಟಿಯಿಂದ ಕಟ್ಟಿಡಿ, ಅದು ಜಾರಿ ಬೆನ್ನ ಮೇಲೆ ಬೀಳದಂತೆ ನೋಡಿಕೊಳ್ಳಿ. ಮನೆಯವರೊಬ್ಬರು ಹಿತ್ತಲಿನಲ್ಲಿ ಕುಳಿತು ಹೆಸರು ಹಿಡಿದು ಕರೆಯಲಿ, ಕೈಯಲ್ಲಿ ರೊಟ್ಟಿಯ ತುಂಡೋ ಬೆಕ್ಕಿಗೆ ಒಣಮೀನೋ ಇರಲಿ. ನಿರ್ಭಯವಾಗಿ ದಾಟಲು ಕಲಿತ ಮೇಲೆ ಮುಚ್ಚಳವನ್ನು ಅರ್ಧಕ್ಕೆ ಇಳಿಸಿ ಕಟ್ಟಿ. ಆಮೇಲೆ ಪೂರ್ತಿ ಇಳಿಸಿ, ಕೆಳಅಂಚನ್ನು ನೀವೇ ಒಂದು ಬೆರಳಷ್ಟು ಎತ್ತಿ ಹಿಡಿದು, ಮೂಗಿನಿಂದ ದೂಡಿದರೆ ತೆರೆಯುತ್ತದೆ ಎಂಬುದನ್ನು ಅದೇ ಕಂಡುಕೊಳ್ಳುವಂತೆ ಮಾಡಿ. ಅಯಸ್ಕಾಂತವನ್ನು ಕೊನೆಯಲ್ಲಿ ಹಾಕಿ. ಅದರ ಟಕ್ ಎಂಬ ಸಪ್ಪಳ, ಮೊದಲ ಸೆಳೆತ ಎರಡೂ ಪ್ರಾಣಿಗೆ ಹೊಸವು. ಪಾರದರ್ಶಕ ಮುಚ್ಚಳವಿದ್ದರೆ ಆಚೆಗೆ ಏನಿದೆ ಎಂದು ಕಾಣುವುದರಿಂದ ಬೇಗ ಕಲಿಯುತ್ತದೆ. ಈ ಕಲಿಕೆಗೆ ಬೆಳಗು, ಸಂಜೆ ಸರಿಯಾದ ಹೊತ್ತು. ಹೊರಗೆ ನೆಲ ಕಾದಿರುವಾಗ ಮಾಡಿಸಿದರೆ ಕಿಂಡಿಯ ಆಚೆ ಕಾಲು ಸುಡುತ್ತದೆ ಎಂಬುದೊಂದೇ ಅದರ ತಲೆಯಲ್ಲಿ ಉಳಿಯುತ್ತದೆ.

ಮನೆಯಲ್ಲಿ ಎರಡು ಪ್ರಾಣಿಗಳಿದ್ದರೆ ಧೈರ್ಯದ್ದನ್ನು ಮೊದಲು ಕಲಿಸಿ, ಇನ್ನೊಂದು ನೋಡಿ ಕಲಿಯುತ್ತದೆ. ನಾಯಿ ಬೆಕ್ಕು ಎರಡೂ ಇದ್ದರೆ ಕಿಂಡಿಯ ಅಳತೆ ನಾಯಿಯದಿರಲಿ, ಮುಚ್ಚಳದ ಭಾರ ಬೆಕ್ಕಿನ ಶಕ್ತಿಗೆ ತಕ್ಕಂತಿರಲಿ.

ನಿರ್ವಹಣೆ ಕಷ್ಟದ್ದಲ್ಲ, ಆದರೆ ಧೂಳಿನ ಊರಿನಲ್ಲಿ ಬಿಡುವಂಥದ್ದೂ ಅಲ್ಲ. ಕಿಂಡಿಯ ಹೊರಗೆ ತೆಂಗಿನ ನಾರಿನ ಕಾಲೊರಸು ಹಾಸಿದರೆ ಕೆಮ್ಮಣ್ಣು, ಎರೆಮಣ್ಣು ಅಡುಗೆಮನೆಯವರೆಗೆ ಬರುವುದಿಲ್ಲ. ಅದನ್ನು ದಿನವೂ ಎತ್ತಿ ಝಾಡಿಸಬೇಕು, ಅದರಡಿಯಲ್ಲಿ ಚೇಳು ಸೇರಿಕೊಳ್ಳುತ್ತದೆ. ವಾರಕ್ಕೊಮ್ಮೆ ಮುಚ್ಚಳದ ಸಂದಿನ ಧೂಳನ್ನು ಹಳೆಯ ಹಲ್ಲುಜ್ಜುವ ಬ್ರಶ್‌ನಿಂದ ತೆಗೆಯಿರಿ. ತಿರುಗುವ ಜಾಗಕ್ಕೆ ಎಣ್ಣೆ ಬಿಡಬೇಡಿ, ಎಣ್ಣೆಗೆ ಧೂಳು ಅಂಟಿ ಮುಚ್ಚಳ ಬಿಗಿಯಾಗುತ್ತದೆ. ಒಣ ಬಟ್ಟೆಯಿಂದ ಒರೆಸಿ ಮೇಣದಬತ್ತಿಯ ತುಂಡನ್ನು ಉಜ್ಜಿದರೆ ಸಾಕು. ಬೇಸಿಗೆ ಮುಗಿದು ಮೊದಲ ಮಳೆ ಬಿದ್ದ ಮೇಲೆ ಬೋಲ್ಟುಗಳನ್ನೂ ಸಿಲಿಕೋನ್ ಅಂಚನ್ನೂ ಪರೀಕ್ಷಿಸಿ. ಮೆತ್ತನೆಯ ಮುಚ್ಚಳದ ಕೆಳಮೂಲೆ ಸುರುಳಿಯಾಗತೊಡಗಿದ್ದರೆ ಕಾಯಬೇಡಿ, ಬದಲಿಸಿ. ಕಿಂಡಿ ಕೊಳ್ಳುವಾಗಲೇ ಅದೇ ಅಳತೆಯ ಮುಚ್ಚಳ ಬಿಡಿಯಾಗಿ ಸಿಗುತ್ತದೆಯೇ ಎಂದು ಕೇಳಿ, ಸಿಕ್ಕರೆ ಒಂದನ್ನು ಹೆಚ್ಚಿಗೆ ತಂದಿಟ್ಟುಕೊಳ್ಳಿ.